ಭಟ್ಟಿ ಹೊಗೆಗೆ ನೋಟೀಸು ಬಂತು, ದೊಡ್ಡ ಚಿಮಣಿಯ ಇಂಗಾಲಕ್ಕೆ ಲೆಕ್ಕ ಕೇಳೋರು ಯಾರು?

ಭಟ್ಟಿಮನೆ (ದಾವಣಗೆರೆ)
ನಮ್ಮದು ಮಂಡಕ್ಕಿ ಭಟ್ಟಿ. ಅಜ್ಜನ ಕಾಲದಿಂದ ಇದೇ ಕಸುಬು. ಮೊನ್ನೆ ನಮ್ಮ ಸಾಲಿನ ಭಟ್ಟಿಗಳಿಗೆಲ್ಲ ಹೊಗೆ ವಿಚಾರಕ್ಕೆ ನೋಟೀಸು ಕೊಟ್ಟು ಹೋಗಿದಾರೆ. ಚಿಮಣಿ ಎತ್ತರಿಸಿ, ಬೂದಿ ಹಾರದಂಗೆ ನೋಡ್ಕಳಿ, ಹಳೇ ಟೈರು ಸುಡಬ್ಯಾಡಿ ಅಂತ. ನಾವು ಒಲೆಗೆ ಹಾಕೋದು ಭತ್ತದ ಹೊಟ್ಟು. ಟೈರು ಸುಡೋರನ್ನ ಹಿಡೀಲಿ, ನನ್ನ ತಕರಾರೇನಿಲ್ಲ. ಆ ಕರೀ ಹೊಗೆ ಮೊದಲು ಕುಡಿಯೋರು ಬಾಣಲೆ ಮುಂದೆ ನಿಂತ ಆಳುಗಳೇ.

ನನ್ನ ಪ್ರಶ್ನೆ ಬೇರೆ. ಕಾರ್ಬನ್ ಕ್ರೆಡಿಟ್, ಚಿಮಣಿಯಲ್ಲೇ ಇಂಗಾಲ ಹಿಡಿಯೋದು, 2070ಕ್ಕೆ ನೆಟ್ ಝೀರೋ (ಬಿಟ್ಟಷ್ಟೂ ವಾಪಸ್ ಹೀರಿ ಲೆಕ್ಕ ಸೊನ್ನೆ ಮಾಡೋದು) ಅಂತ ಪೇಪರಿನಲ್ಲಿ ಓದ್ತಾನೇ ಇದೀವಿ. ಹಸಿರುಮನೆ ಅನಿಲಕ್ಕೆ ಅಂತ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಕಾನೂನು ಇದೆಯಾ? ಇದ್ದರೆ ಯಾರಿಗೆ? ನಾಳೆ ಭಟ್ಟಿಯೋರೂ ಕಾರ್ಬನ್ ದುಡ್ಡು ಕಟ್ಟಬೇಕಾ? ಗೊತ್ತಿದ್ದೋರು ಬಿಡಿಸಿ ಹೇಳ್ರಿ.

ಪಿ.ಜೆ. ಬಡಾವಣೆ
ಟೈರ್ ಸುಡಲ್ಲ ಅಂತ ಎಲ್ಲರೂ ಹೇಳ್ತಾರೆ. ಬೆಳಿಗ್ಗೆ ಎದ್ದು ಮಾಳಿಗೆ ಮೇಲೆ ಕೈ ಆಡಿಸಿದ್ರೆ ಮಸಿ ಬರುತ್ತೆ. ಅದು ಯಾರದ್ದು?

ಭಟ್ಟಿಮನೆ
ನಮ್ಮ ಭಟ್ಟಿಗೆ ಬಂದು ನೋಡ್ರಿ ಸಾರ್. ಹೊಟ್ಟಿನ ರಾಶಿ ಎದುರಿಗೇ ಇರುತ್ತೆ.

ಶಕ್ತಿ ಲೆಕ್ಕ
ನಾನು ಕಾರ್ಖಾನೆಗಳ ಇಂಧನ ಆಡಿಟ್ ಮಾಡೋಳು. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲೆಸಿಹೋಗಿವೆ.

ನಿಮಗೆ ಬಂದ ನೋಟೀಸು ಧೂಳು-ಹೊಗೆಯದ್ದು. 1981ರ ವಾಯು ಕಾಯ್ದೆ, ಅದರಡಿ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋ ಕನ್ಸೆಂಟು (ಘಟಕ ನಡೆಸೋಕೆ ಒಪ್ಪಿಗೆ), ಅದರ ಷರತ್ತು. ದಾವಣಗೆರೆ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಕರ್ನಾಟಕದಿಂದ ನಾಲ್ಕೇ ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. 2019ರಲ್ಲಿ ಆ ಕಾರ್ಯಕ್ರಮ ಶುರುವಾದ ಮೇಲೆ ಭಟ್ಟಿಗಳ ಮೇಲೆ ಕಣ್ಣು ಬಿದ್ದಿದೆ. ಅಲ್ಲಿ ಅಳೆಯೋದು ಗಾಳಿಯಲ್ಲಿರೋ ಸಣ್ಣ ಕಣಗಳನ್ನ. 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಕಾರ್ಬನ್ ಡೈಆಕ್ಸೈಡ್ ಅದರಲ್ಲಿಲ್ಲ.

ಇಂಗಾಲದ್ದು ಬೇರೆ ದಾರಿ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯ್ತು. ಅದರ ಬಲದ ಮೇಲೆ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಬಂತು. 2025ರ ಅಕ್ಟೋಬರ್‌ನಲ್ಲಿ ಮೊದಲ ಕಡ್ಡಾಯ ಗುರಿಗಳು ಹೊರಬಿದ್ದವು: ಅಲ್ಯೂಮಿನಿಯಂ, ಸಿಮೆಂಟು, ಕ್ಲೋರ್-ಆಲ್ಕಲಿ (ಕಾಸ್ಟಿಕ್ ಸೋಡಾ, ಕ್ಲೋರಿನ್ ಮಾಡೋದು), ಕಾಗದ-ತಿರುಳು, ಒಟ್ಟು 282 ಘಟಕ. 2023-24ರ ಲೆಕ್ಕವನ್ನ ಆಧಾರ ಮಾಡ್ಕೊಂಡು 2025-26ಕ್ಕೆ ಇಷ್ಟು, 2026-27ಕ್ಕೆ ಇಷ್ಟು ಅಂತ ಒಂದೊಂದು ಕಾರ್ಖಾನೆಗೂ ಹೆಸರು ಹಿಡಿದು ಗುರಿ ಕೊಟ್ಟಿದಾರೆ. ಉಕ್ಕು, ರಸಗೊಬ್ಬರ, ಪೆಟ್ರೋಲಿಯಂ ರಿಫೈನರಿ, ಪೆಟ್ರೋಕೆಮಿಕಲ್, ಜವಳಿ ಕೂಡ ಯೋಜನೆಯ ವಲಯಗಳೇ. ಮಂಡಕ್ಕಿ ಭಟ್ಟಿ ಈ ಪಟ್ಟಿಯ ಹತ್ತಿರಕ್ಕೂ ಬರಲ್ಲ. ಅದೂ ಅಲ್ದೆ ಹೊಟ್ಟು ಸುಟ್ಟಾಗ ಬರೋ ಇಂಗಾಲ ಆ ವರ್ಷದ ಬೆಳೆ ಗಾಳಿಯಿಂದ ಎಳ್ಕೊಂಡಿದ್ದೇ, ಲೆಕ್ಕದಲ್ಲಿ ಅದನ್ನ ಸೊನ್ನೆ ಅಂತ ಹಿಡೀತಾರೆ. ಮಸಿ ಸೊನ್ನೆ ಅಲ್ಲ, ನೆನಪಿರಲಿ. ಚಿಮಣಿಗೆ ಬೂದಿ ಹಿಡಿಯೋ ವ್ಯವಸ್ಥೆ ಹಾಕ್ಲೇಬೇಕು ಅಣ್ಣ.

ಕೋಟೆನಾಡು (ಚಿತ್ರದುರ್ಗ)
ಗುರಿ ಮುಟ್ಟದಿದ್ರೆ ಏನಾಗುತ್ತೆ ಮೇಡಂ? ಅದನ್ನ ಹೇಳಿ. ನಮ್ ದೇಶದಲ್ಲಿ ನಿಯಮಕ್ಕೇನು ಬರ.

ಶಕ್ತಿ ಲೆಕ್ಕ
ಗುರಿಗಿಂತ ಕಮ್ಮಿ ಬಿಟ್ಟೋರಿಗೆ ಟನ್ನಿಗೊಂದು ಕ್ರೆಡಿಟ್ ಸಿಗುತ್ತೆ. ಜಾಸ್ತಿ ಬಿಟ್ಟೋರು ಆ ಕ್ರೆಡಿಟ್ ಕೊಂಡು ಒಪ್ಪಿಸಬೇಕು. ಕೊಳ್ಳದೇ ಕೂತರೆ ಮಾರುಕಟ್ಟೆಯ ಸರಾಸರಿ ಬೆಲೆಯ ಎರಡರಷ್ಟು ಪರಿಸರ ಪರಿಹಾರ ಕಟ್ಟಬೇಕು, ವಸೂಲಿ ಮಾಡೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಕಾಗದದ ಮೇಲೆ ಕಾನೂನಿಗೆ ಹಲ್ಲುಗಳಿವೆ.

ಕೋಟೆನಾಡು
ಕಾಗದದ ಮೇಲೆ. ಅದೇ ನಾನ್ ಹೇಳಿದ್ದು.

ಹರಿಹರ ಸೇತುವೆ
ಅಸಲಿ ವಿಷಯ ಯಾರೂ ಎತ್ತಲಿಲ್ಲ. ಆ ಗುರಿ ಒಟ್ಟು ಹೊಗೆಗಲ್ಲ, ಒಂದು ಟನ್ ಮಾಲಿಗೆ ಎಷ್ಟು ಇಂಗಾಲ ಅನ್ನೋದಕ್ಕೆ. ಬೈಕಿನ ಮೈಲೇಜ್ ಜಾಸ್ತಿಯಾಯ್ತು, ಓಡಾಟ ಎರಡರಷ್ಟಾಯ್ತು ಅಂದ್ರೆ ಪೆಟ್ರೋಲು ಖರ್ಚು ಏರೋದೇ. ಸಿಮೆಂಟು ಉತ್ಪಾದನೆ ವರ್ಷವರ್ಷ ಏರ್ತಾ ಇದೆ. ಗುರಿ ಮುಟ್ಟಿದೀವಿ ಅಂತ ಬೋರ್ಡು ಹಾಕ್ತಾರೆ, ಆಕಾಶಕ್ಕೆ ಹೋಗೋದು ಮಾತ್ರ ಮೊದಲಿಗಿಂತ ಜಾಸ್ತಿ.

ಇನ್ನೊಂದು, ಈ ಯೋಜನೆಯಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳೇ ಇಲ್ಲ. ರಾಯಚೂರು, ಬಳ್ಳಾರಿ, ಯರಮರಸ್ ಥರ್ಮಲ್ ಎಲ್ಲ ಹೊರಗೆ. ಎಲ್ಲಕ್ಕಿಂತ ದೊಡ್ಡ ಚಿಮಣಿಯನ್ನೇ ಬಿಟ್ಟು ಲೆಕ್ಕ ಶುರು ಮಾಡಿದಾರೆ.

ಜಗಳೂರು ಬಯಲು
ಅಮೆರಿಕದವನು ತಲೆಗೆ ವರ್ಷಕ್ಕೆ ಸುಮಾರು 14 ಟನ್ ಬಿಡ್ತಾನೆ, ನಾವು ಸುಮಾರು 2. ನಮ್ಮೂರಲ್ಲಿ ಇನ್ನೂ ಶೀಟಿನ ಮನೆ ಇದಾವೆ. ಸಿಮೆಂಟು ಬ್ಯಾಡ ಅಂತ ನಮಗ್ಯಾಕೆ ಹೇಳ್ತೀರಿ? ಮೊದ್ಲು ಅವರು ಇಳಿಸ್ಲಿ.

ಹರಿಹರ ಸೇತುವೆ
ಸಿಮೆಂಟು ಬ್ಯಾಡ ಅಂತ ಯಾರು ಹೇಳಿದ್ರು ಅಣ್ಣ? ಮನೆ ಕಟ್ಟೋನು ಒಬ್ಬ, ಲಾಭ ಮಾಡೋನು ಇನ್ನೊಬ್ಬ. ನಾನು ಕೇಳ್ತಿರೋದು ಎರಡನೆಯವನ್ನ.

ಜಗಳೂರು ಬಯಲು
ಅವನು ಹಾಕೋ ಖರ್ಚು ಚೀಲದ ರೇಟಿಗೇ ಬರೋದು. ಕೊಡೋನು ನಾನು.

ಬಾಯ್ಲರ್ ಮನೆ
ಇಬ್ರೂ ಸರಿ. ನಾನು ಬಾಯ್ಲರ್ ಅಟೆಂಡೆಂಟ್, ಸುಮಾರು ಊರಿನ ಕಾರ್ಖಾನೆ ನೋಡಿದೀನಿ. ಸಿಮೆಂಟಿನ ಕಷ್ಟ ಏನಂದ್ರೆ, ಒಲೆಗೆ ಹೊಟ್ಟು ಹಾಕಿದ್ರೂ ಸೋಲಾರ್ ಹಾಕಿದ್ರೂ ಅರ್ಧಕ್ಕಿಂತ ಜಾಸ್ತಿ ಇಂಗಾಲ ಕಲ್ಲಿನಿಂದಲೇ ಬರುತ್ತೆ. 100 ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ರೆ 56 ಕೆಜಿ ಸುಣ್ಣ, ಉಳಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್. ಅದು ಇಂಧನ ಬದಲಾಯಿಸಿದ್ರೆ ಹೋಗಲ್ಲ. ಒಂದೋ ಕಲ್ಲಿದ್ದಲ ಬೂದಿ, ಸ್ಲ್ಯಾಗ್ (ಉಕ್ಕಿನ ಕುಲುಮೆಯ ಕಿಟ್ಟ) ಬೆರೆಸಿ ಕ್ಲಿಂಕರ್ (ಸುಣ್ಣದಕಲ್ಲು ಸುಟ್ಟು ಮಾಡೋ ಸಿಮೆಂಟಿನ ಗಟ್ಟಿ) ಕಮ್ಮಿ ಮಾಡ್ಬೇಕು, ಇಲ್ಲ ಚಿಮಣಿಯಲ್ಲೇ ಹಿಡೀಬೇಕು.

ಹಿಡಿಯೋದು ಹೆಂಗೆ ಅಂದ್ರೆ: ಹೊಗೆ ತಣ್ಣಗೆ ಮಾಡಿ ಒಂದು ಎತ್ತರದ ಗೋಪುರದಲ್ಲಿ ಮೇಲಿಂದ ಅಮೈನ್ ಅನ್ನೋ ದ್ರಾವಣ ಸುರಿಸ್ತಾರೆ, ಕೆಳಗಿಂದ ಹೊಗೆ ಏರುತ್ತೆ. ದ್ರಾವಣ ಇಂಗಾಲಾನ ಹಿಡ್ಕೊಳ್ಳುತ್ತೆ. ಆಮೇಲೆ ಆ ದ್ರಾವಣಾನ ಇನ್ನೊಂದು ಗೋಪುರಕ್ಕೆ ತಗೊಂಡೋಗಿ ಸ್ಟೀಮಿನಿಂದ 120 ಡಿಗ್ರಿ ಆಸುಪಾಸು ಕಾಯಿಸಿದ್ರೆ ಅನಿಲ ಬಿಡುತ್ತೆ, ದ್ರಾವಣ ವಾಪಸ್ ಮೊದಲನೇ ಗೋಪುರಕ್ಕೆ. ನಡೆಸೋ ಖರ್ಚಿನ ದೊಡ್ಡ ಪಾಲು ಆ ಸ್ಟೀಮಿನದ್ದೇ. ಸ್ಟೀಮ್ ಅಂದ್ರೆ ಮತ್ತೆ ಇಂಧನ. ಯಾವ ಮಾಲೀಕನೂ ತಾನಾಗೇ ಈ ಖರ್ಚು ಮೈಮೇಲೆ ಹಾಕ್ಕೊಳ್ಳಲ್ಲ. ಕಾನೂನು ಬೇಕೇ ಬೇಕು.

ಭಟ್ಟಿಮನೆ
ನಮ್ಮ ದೇಶದಲ್ಲಿ ಯಾರಾದ್ರೂ ಮಾಡಿದಾರಾ ಇದನ್ನ?

ಶಕ್ತಿ ಲೆಕ್ಕ
ತೂತುಕುಡಿಯಲ್ಲಿ ಒಂದು ಸೋಡಾ ಬೂದಿ (ಗಾಜು, ಸಾಬೂನಿಗೆ ಬಳಸೋ ಸೋಡಾ) ಕಾರ್ಖಾನೆ 2016ರಿಂದ ಬಾಯ್ಲರ್ ಹೊಗೆಯ ಇಂಗಾಲ ಹಿಡಿದು ಅದನ್ನೇ ಕಚ್ಚಾಮಾಲಾಗಿ ಬಳಸೋ ವ್ಯವಸ್ಥೆ ಮಾಡ್ಕೊಂಡಿತು. ವರ್ಷಕ್ಕೆ 60,000 ಟನ್ ಸಾಮರ್ಥ್ಯ. ಅನಿಲ ಅವರಿಗೇ ಬೇಕಿತ್ತು, ಹಂಗಾಗಿ ಲೆಕ್ಕ ಕೂಡಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 2022ರಲ್ಲಿ ಇದಕ್ಕೇ ಅಂತ ರಾಷ್ಟ್ರೀಯ ಕೇಂದ್ರ ಬಂದಿದೆ. ಇದರ ಬಗ್ಗೆ ನೀತಿ ಆಯೋಗದ ವರದಿಯೂ ಅದೇ ವರ್ಷದ್ದು.

ಹೊರಗಿನ ಉದಾಹರಣೆ ಬೇಕಾದ್ರೆ ನಾರ್ವೆ ನೋಡಿ, ನಾನು ಪದೇ ಪದೇ ಹೇಳೋದು ಇದನ್ನೇ. 1991ರಲ್ಲಿ ಅವರು ಸಮುದ್ರದ ತೈಲ-ಅನಿಲ ಬಾವಿಗಳ ಇಂಗಾಲಕ್ಕೆ ತೆರಿಗೆ ಹಾಕಿದ್ರು. ಸ್ಲೈಪ್ನರ್ ಅನ್ನೋ ಬಾವಿಯ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಮಾರೋದಕ್ಕೆ ಮುಂಚೆ ಹೇಗಿದ್ರೂ ಬೇರ್ಪಡಿಸಲೇಬೇಕಿತ್ತು. ತೆರಿಗೆ ಇಲ್ಲದಿದ್ರೆ ಗಾಳಿಗೆ ಬಿಡ್ತಿದ್ರು. ತೆರಿಗೆ ಇದ್ದಿದ್ದಕ್ಕೆ 1996ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಸಮುದ್ರದಡಿಯ ಮರಳುಗಲ್ಲಿಗೆ ತುಂಬಿಸ್ತಾ ಬಂದ್ರು. ಬಿಟ್ಟರೆ ಬೆಲೆ ತೆರಬೇಕು ಅಂದಾಗ ಯಂತ್ರ ತಾನಾಗೇ ಬಂತು. ಅದೇ ದೇಶದ ಬ್ರೆವಿಕ್‌ನಲ್ಲಿ 2025ರಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗೂ ಜೋಡಿಸಿದ್ರು, ವರ್ಷಕ್ಕೆ 4 ಲಕ್ಷ ಟನ್. ಖರ್ಚಿನ ದೊಡ್ಡ ಪಾಲು ಸರ್ಕಾರವೇ ಹಾಕಿತು. ಕೋಲೂ ಬೇಕು, ಕೈ ಹಿಡಿಯೋದೂ ಬೇಕು.

ಕೋಟೆನಾಡು
ನಾರ್ವೆಯ ದುಡ್ಡು ನಮ್ಮತ್ರ ಎಲ್ಲೈತೆ ಮೇಡಂ?

ಶಕ್ತಿ ಲೆಕ್ಕ
ದಂಡದ ದುಡ್ಡು ಎಲ್ಲಿ ಹೋಗ್ಬೇಕು ಅನ್ನೋದೇ ಅದಕ್ಕೆ ಮುಖ್ಯ. ಇನ್ನೊಂದು, 2026ರ ಜನವರಿಯಿಂದ ಯುರೋಪ್ ತನ್ನ ಗಡಿಯಲ್ಲೇ ಇಂಗಾಲದ ಸುಂಕ ಲೆಕ್ಕ ಹಾಕ್ತಿದೆ: ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ. ನಮ್ಮ ಚಿತ್ರದುರ್ಗ, ಸಂಡೂರಿನ ಅದಿರಿನಿಂದ ಆದ ಉಕ್ಕು ಅಲ್ಲಿಗೆ ಹೋದ್ರೆ ಇಂಗಾಲದ ಬೆಲೆ ಅವರ ಖಜಾನೆಗೆ ಹೋಗುತ್ತೆ. ಅದೇ ಬೆಲೆ ಇಲ್ಲಿ ವಸೂಲಾದ್ರೆ ಇಲ್ಲೇ ಉಳಿಯುತ್ತೆ. ಇಲ್ಲಿ ಕೊಟ್ಟಿದ್ದನ್ನ ಅಲ್ಲಿ ಕಳೀತಾರೆ.

ಜಗಳೂರು ಬಯಲು
ಇದು ಒಪ್ಪೋ ಮಾತು.

ಕೋಟೆನಾಡು
ನನ್ನದೊಂದು ಅನುಮಾನ, ಕಲ್ಲಿನ ವಿಷಯ ತಿಳಿದೋರು ಹೇಳಿ. ನಮ್ಮ ದುರ್ಗದ ಸುತ್ತ ಬರೀ ಬಂಡೆ. ಐಸ್‌ಲ್ಯಾಂಡಿನಲ್ಲಿ ಇಂಗಾಲಾನ ಬಂಡೆಯೊಳಗೆ ತುಂಬಿಸಿ ಕಲ್ಲು ಮಾಡಿದ್ರಂತೆ. ಇಲ್ಲಿ ಯಾಕೆ ಮಾಡಬಾರ್ದು? ಮರಡಿಹಳ್ಳಿ ಹತ್ರ ಲಾವಾ ಕಲ್ಲೇ ಐತಲ್ಲ.

ಬಂಡೆ ಮೇಷ್ಟ್ರು
ಒಳ್ಳೇ ಪ್ರಶ್ನೆ. ನಾನು ಭೂವಿಜ್ಞಾನ ಪಾಠ ಮಾಡೋನು, ಮಕ್ಕಳನ್ನ ಮರಡಿಹಳ್ಳಿಗೆ ಕರ್ಕೊಂಡು ಹೋಗ್ತಾ ಇರ್ತೀನಿ. ಅಲ್ಲಿರೋದು ದಿಂಬಿನಾಕಾರದ ಲಾವಾ, ನೀರಿನೊಳಗೆ ಉಕ್ಕಿ ತಣ್ಣಗಾಗಿದ್ದು, ಸುಮಾರು 250 ಕೋಟಿ ವರ್ಷ ಹಳೇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಹತ್ತಿರ ಹೋಗಿ ನೋಡಿದ್ರೆ ಒಂದೊಂದು ದಿಂಬಿನ ಅಂಚಿನಲ್ಲೂ ಬೇಗ ಆರಿದ ತೆಳು ಪದರ ಕಾಣುತ್ತೆ. ಅಲ್ಲಿ ಬೋರ್ ಕೊರೆಯೋ ಮಾತೇ ಬೇಡ.

ಐಸ್‌ಲ್ಯಾಂಡಿನ ಬಸಾಲ್ಟು (ಲಾವಾ ಆರಿ ಆದ ಕಪ್ಪು ಕಲ್ಲು) ಹೊಸದು, ತೂತು-ಬಿರುಕು ಜಾಸ್ತಿ, ಕ್ಯಾಲ್ಸಿಯಂ ಮೆಗ್ನೀಸಿಯಂ ಇನ್ನೂ ತಾಜಾ. ಕಾರ್ಬ್‌ಫಿಕ್ಸ್ ಅನ್ನೋ ಅಲ್ಲಿನ ಯೋಜನೆಯಲ್ಲಿ ನೀರಿನಲ್ಲಿ ಕರಗಿಸಿ ಇಳಿಸಿದ ಇಂಗಾಲದ ಹೆಚ್ಚುಪಾಲು ಎರಡು ವರ್ಷದೊಳಗೆ ಖನಿಜವಾಯ್ತು ಅಂತ 2016ರಲ್ಲಿ ಪ್ರಕಟವಾಯ್ತು. ನಮ್ಮ ಲಾವಾ ಭೂಮಿಯೊಳಗೆ ಬೆಂದು, ಮಡಚಿ, ಬಿಗಿಯಾಗಿ ಹೋಗಿದೆ. ಕೋಟೆ ಇರೋ ಗ್ರಾನೈಟಿನಲ್ಲಂತೂ ಜಾಗವೇ ಇಲ್ಲ. ನಮ್ಮ ರಾಜ್ಯದಲ್ಲಿ ಪರೀಕ್ಷೆಗೆ ಯೋಗ್ಯ ಅಂದ್ರೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ದಖನ್ ಬಸಾಲ್ಟು. ಸೇಡಂ, ವಾಡಿಯ ಸಿಮೆಂಟಿಗೂ ಅದೇ ಹತ್ತಿರ.

ಇನ್ನೂ ಒಂದು ಲೆಕ್ಕ ಇದೆ, ಇದನ್ನ ಮರೀಬೇಡಿ. ಆ ವಿಧಾನದಲ್ಲಿ ಒಂದು ಟನ್ ಇಂಗಾಲಕ್ಕೆ ಸುಮಾರು 25 ಟನ್ ನೀರು ಬೇಕು. ಚಳ್ಳಕೆರೆ, ಹಿರಿಯೂರಿನಲ್ಲಿ ನಿಂತು ಈ ಮಾತು ಹೇಳೋ ಧೈರ್ಯ ಯಾರಿಗಿದೆ?

ಜಗಳೂರು ಬಯಲು
25 ಟನ್!! ನಮ್ಮೂರಲ್ಲಿ ಟ್ಯಾಂಕರ್ ಬರೋ ದಿನ ಕೊಡ ಸಾಲಿಟ್ಟು ಕಾಯ್ತೀವಿ.

ಮಾರಿಕಣಿವೆ
ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ. ಆ ನೀರಿಗೆ ಯಾರೂ ಕಣ್ಣು ಹಾಕಬ್ಯಾಡಿ 🙏

ಪಿ.ಜೆ. ಬಡಾವಣೆ
ಕೋಡಿ ನೋಡೋಕೆ ನಾವೂ ಹೋಗಿದ್ವಿ. ಏನ್ ಜನ, ಜಾತ್ರೆನೇ!

ವೇದಿಕೆ ನಿರ್ವಾಹಕ
ಡ್ಯಾಮ್ ಫೋಟೋಗಳಿಗೆ ಬೇರೆ ಎಳೆ ಇದೆ, ಅಲ್ಲಿ ಹಾಕಿ. ಇಲ್ಲಿ ವಿಷಯಕ್ಕೆ ಬನ್ನಿ.

ಹರಿಹರ ಸೇತುವೆ
ಮೇಷ್ಟ್ರೇ, ಒಳಗೆ ತುಂಬಿಸಿದ್ದು ಸೋರಿದ್ರೆ? ಅಮೆರಿಕದ ಮಿಸಿಸಿಪ್ಪಿಯಲ್ಲಿ ಸಟಾರ್ಷಿಯಾ ಅನ್ನೋ ಹಳ್ಳಿ ಹತ್ರ 2020ರಲ್ಲಿ ಕಾರ್ಬನ್ ಡೈಆಕ್ಸೈಡ್ ಪೈಪ್ ಒಡೆದು ಸುಮಾರು 45 ಜನ ಆಸ್ಪತ್ರೆ ಸೇರಿದ್ರು. ಗಾಳಿಗಿಂತ ಭಾರದ ಅನಿಲ, ತಗ್ಗಿನಲ್ಲಿ ನಿಂತ್ಬಿಡುತ್ತೆ. ಕಾರ್ ಇಂಜಿನ್ನೇ ಆಫ್ ಆಗಿ ಜನ ದಾರೀಲೇ ಸಿಕ್ಕಿಬಿದ್ರು.

ಬಂಡೆ ಮೇಷ್ಟ್ರು
ನಿಜ. ಆಳದ ಕಲ್ಲಿಗಿಂತ ಪೈಪಿನದ್ದೇ ದೊಡ್ಡ ಭಯ. ಅದಕ್ಕೇ ಕಾನೂನು ಮೊದಲು ಬರ್ಬೇಕು ಅನ್ನೋದು. ಅಮೆರಿಕದಲ್ಲಿ 2010ರಿಂದ ಇಂಗಾಲ ಇಳಿಸೋ ಬಾವಿಗೇ ಪ್ರತ್ಯೇಕ ವರ್ಗ, ಪ್ರತ್ಯೇಕ ಪರವಾನಗಿ. ಯುರೋಪಿನ 2009ರ ನಿರ್ದೇಶನದ ಪ್ರಕಾರ ಬಾವಿ ಮುಚ್ಚಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಜವಾಬ್ದಾರಿ ಕಂಪನಿಯದ್ದೇ, ಆಮೇಲಷ್ಟೇ ಸರ್ಕಾರಕ್ಕೆ. ಮುಚ್ಚಿಹೋದ ಕಂಪನಿಯ ಬಾವಿಗೆ ಯಾರು ಹೊಣೆ ಅನ್ನೋದನ್ನ ನಾವೂ ಮೊದಲೇ ಬರೆದಿಟ್ಕೋಬೇಕು. ನಮ್ಮ ಜಿಲ್ಲೆಯಲ್ಲಿ ಗಣಿ ಬಿಟ್ಟುಹೋದ ಗುಂಡಿಗಳನ್ನ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅಚ್ಚುಕಟ್ಟಿನ ರೈತ (ಮಲೇಬೆನ್ನೂರು)
ಇದೆಲ್ಲ ಇರ್ಲಿ. ನಮ್ಮ ಊರಿಗೆ ಒಬ್ಬ ಏಜೆಂಟ್ ಬಂದಿದ್ದ. ನಿಮ್ಮ ಭತ್ತದ ಗದ್ದೆಯಿಂದ ಮೀಥೇನ್ ಬರುತ್ತೆ, ಕಮ್ಮಿ ಮಾಡಿದ್ರೆ ಕಾರ್ಬನ್ ದುಡ್ಡು ಕೊಡಿಸ್ತೀವಿ ಅಂದ. ಕರಾರು ಪತ್ರ ಪೂರ್ತಿ ಇಂಗ್ಲಿಷು. ನನ್ನ ಮಗಳು ಓದಿ ಹೇಳಿದ್ಲು: ಕ್ರೆಡಿಟ್ ಹಕ್ಕು ಪೂರ್ತಿ ಅವರದ್ದು, ನಮಗೆಷ್ಟು ಅಂತ ಅಂಕಿಯೇ ಇಲ್ಲ, ಮಧ್ಯ ಬಿಡಂಗಿಲ್ಲ. ನಾನು ಸಹಿ ಹಾಕ್ಲಿಲ್ಲ. ಪಕ್ಕದ ಹೊಲದವರು ಹಾಕಿದ್ರು. ಪಹಣಿ, ಆಧಾರ್ ಜೆರಾಕ್ಸು ಇಸ್ಕೊಂಡು ಹೋದೋನು ತಿರುಗಿ ಬಂದಿಲ್ಲ, ಫೋನೂ ಎತ್ತಲ್ಲ. ಕಾನೂನು ಮಾಡೋರು ಮೊದಲು ಇಂಥೋರನ್ನ ಹಿಡೀರಿ.

ಚನ್ನಗಿರಿ ತೋಟ
ಅಡಿಕೆ ತೋಟಕ್ಕೂ ಬಂದಿದ್ರು ಗೌಡ್ರೆ. ಮರ ಎಣಿಸಿ ಫೋಟೋ ಹೊಡ್ಕೊಂಡು ಹೋದ್ರು. ಇರೋ ಮರಕ್ಕೇ ದುಡ್ಡು ಅಂದಾಗ್ಲೇ ನಮ್ಮಪ್ಪ ಗೇಟಿನಿಂದಾಚೆ ಕಳಿಸಿದ್ರು.

ಶಕ್ತಿ ಲೆಕ್ಕ
ನಿಮ್ಮ ತಂದೆ ಮಾಡಿದ್ದು ಸರಿ. ಯೋಜನೆ ಇಲ್ಲದಿದ್ರೂ ಆಗ್ತಿದ್ದ ಕೆಲಸಕ್ಕೆ ಕ್ರೆಡಿಟ್ ಕೊಡಬಾರ್ದು ಅನ್ನೋದು ಮೂಲ ನಿಯಮ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ಎಷ್ಟೋ ಯೋಜನೆಗಳು ಕ್ಯೋಟೊ ಒಪ್ಪಂದದ (ಇಂಗಾಲ ಇಳಿಸೋಕೆ ದೇಶಗಳು ಮಾಡ್ಕೊಂಡಿದ್ದ ಹಿಂದಿನ ಒಪ್ಪಂದ) ಕಾಲದಲ್ಲಿ ಕ್ರೆಡಿಟ್‌ಗೆ ನೋಂದಣಿ ಆಗಿದ್ವು. ಆಗಲೂ ಈ ಪ್ರಶ್ನೆ ಎದ್ದಿತ್ತು: ಕ್ರೆಡಿಟ್ ಇಲ್ಲದಿದ್ರೂ ಫ್ಯಾನು ನಿಲ್ತಿತ್ತಾ ಅಂತ. 2012ರ ಹೊತ್ತಿಗೆ ಕ್ರೆಡಿಟ್ ರಾಶಿ ಬಿದ್ದು ಬೆಲೆ ನೆಲ ಕಚ್ಚಿತು. ಯುರೋಪಿನ ಸ್ವಂತ ಮಾರುಕಟ್ಟೆಯಲ್ಲೂ ಮೊದಲ ಹಂತದಲ್ಲಿ ಇಷ್ಟು ಇಂಗಾಲ ಬಿಡಬಹುದು ಅನ್ನೋ ಅನುಮತಿ ಚೀಟಿ ಬೇಕಾಬಿಟ್ಟಿ ಹಂಚಿ 2007ರಲ್ಲಿ ಬೆಲೆ ಸೊನ್ನೆಗೆ ಬಂತು. ನಮ್ಮ 282 ಘಟಕಗಳ ಗುರಿಯೂ ಸಡಿಲ ಆದ್ರೆ ಅದೇ ಗತಿ. ನನ್ನ ಚಿಂತೆ ಇರೋದು ಇಲ್ಲಿ.

ಕೋಟೆನಾಡು
ಗುಡ್ಡದ ಮೇಲೆ ಫ್ಯಾನು ತಿರುಗೋದು ನೋಡ್ತಾ ಬೆಳೆದೋರು ನಾವು. ಜೋಗಿಮಟ್ಟಿ ರಸ್ತೆಯಲ್ಲಿ ಗಾಳಿಯೂ ನಮ್ದು, ಗುಡ್ಡವೂ ನಮ್ದು. ಕ್ರೆಡಿಟ್ ದುಡ್ಡಲ್ಲಿ ಒಂದು ಶಾಲೆ ಗೋಡೆ ಎದ್ದಿದ್ದೂ ನಾನು ಕಾಣೆ.

ಅಚ್ಚುಕಟ್ಟಿನ ರೈತ
ಅಕ್ಕ, ಗದ್ದೆ ಮೀಥೇನ್ ಮಾತು ಸುಳ್ಳಾ ಹಂಗಾದ್ರೆ?

ಶಕ್ತಿ ಲೆಕ್ಕ
ಸುಳ್ಳಲ್ಲ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ಸಿಗಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಿಸಿ ಹಿಡಿಯುತ್ತೆ. ತೂತು ಹಾಕಿದ ಪೈಪ್ ತುಂಡು ಗದ್ದೆಯಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟೋದು ಒಂದು ಪದ್ಧತಿ. ಹೂ ಬಿಡೋ ಹೊತ್ತಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಲೇಬೇಕು. ಇಳುವರಿಗೆ ಪೆಟ್ಟು ಬೀಳದಂತೆ ಮೀಥೇನ್ ಬಹಳ ಇಳಿಯುತ್ತೆ. ಆದ್ರೆ ಇದನ್ನ ರೈತರ ಮೇಲೆ ಕಡ್ಡಾಯ ಮಾಡಬಾರ್ದು. 2021ರ ಜಾಗತಿಕ ಮೀಥೇನ್ ವಾಗ್ದಾನಕ್ಕೆ ಭಾರತ ಸೇರಲಿಲ್ಲ, ಸಣ್ಣ ರೈತರ ಹೊಟ್ಟೆಪಾಡು ಅದಕ್ಕೊಂದು ಕಾರಣ.

ಅಚ್ಚುಕಟ್ಟಿನ ರೈತ
ಪೈಪ್ ಹೂಳೋದು ಸುಲಭ. ನಾಲೆ ನೀರು ನಮ್ಮ ಕೈಲಿಲ್ಲ. ಭದ್ರಾ ನಾಲೆಯಲ್ಲಿ ಇಷ್ಟು ದಿನ ಆನ್, ಇಷ್ಟು ದಿನ ಆಫ್. ಆಫ್ ಆದಾಗ ಒಣಗಿಬಿಟ್ರೆ ಅಂತ ಹೆದರಿ ಬಂದಾಗ ಗದ್ದೆ ತುಂಬಿಸಿಟ್ಕಳ್ತೀವಿ. ಮೇಲಿನೋರು ತುಂಬಿಸಿಟ್ಕಂಡಷ್ಟೂ ಕೊನೇ ಭಾಗದೋರಿಗೆ ನೀರು ಮುಟ್ಟಲ್ಲ. ಹೇಳಿದ ದಿನಕ್ಕೆ ನೀರು ಬರುತ್ತೆ ಅನ್ನೋ ನಂಬಿಕೆ ಕೊಡಿ, ಮೀಥೇನ್ ನಾವೇ ಇಳಿಸ್ತೀವಿ.

ಹರಿಹರ ಸೇತುವೆ
ಇಡೀ ಎಳೆಯಲ್ಲಿ ತೂಕದ ಮಾತು ಅಂದ್ರೆ ಇದೇ 👏

ಪಿ.ಜೆ. ಬಡಾವಣೆ
ಸೌದೆ ಒಲೆ ಮೇಲಿನ ಬೆಣ್ಣೆದೋಸೆಗೂ ನಿಯಮ ತರ್ತಾರಾ ಹಂಗಾದ್ರೆ?

ಬಾಯ್ಲರ್ ಮನೆ
ಇಂಗಾಲಕ್ಕಂತೂ ಇಲ್ಲ. ಹೊಗೆ ಹೊರಗೆ ಎಳೆಯೋ ಕೊಳವೆ ಹಾಕಿಸ್ಲಿ, ಒಲೆ ಮುಂದೆ ನಿಲ್ಲೋನ ಕಣ್ಣು, ಎದೆ ಉಳಿಯುತ್ತೆ.

ಹರಿಹರ ಸೇತುವೆ
ಶಕ್ತಿ ಲೆಕ್ಕ ಅಕ್ಕ, ಕೊನೇ ಪ್ರಶ್ನೆ. ಕಾರ್ಖಾನೆ ಎಷ್ಟು ಇಂಗಾಲ ಬಿಡ್ತು ಅಂತ ಅಳೆಯೋರ್ಯಾರು? ಚಿಮಣಿಯಲ್ಲಿ ಮೀಟರ್ ಇದೆಯಾ?

ಶಕ್ತಿ ಲೆಕ್ಕ
ಸಿಮೆಂಟು, ಕಾಗದದಂಥ 17 ಬಗೆಯ ಉದ್ದಿಮೆಗಳ ಚಿಮಣಿಯಲ್ಲಿ ಆನ್‌ಲೈನ್ ಮೀಟರ್ ಇರಲೇಬೇಕು, ಆದ್ರೆ ಅದು ಧೂಳು, ಗಂಧಕ, ನೈಟ್ರೋಜನ್ ಆಕ್ಸೈಡಿಗೆ. ಇಂಗಾಲವನ್ನ ಸುಟ್ಟ ಇಂಧನ, ಸುಟ್ಟ ಕಲ್ಲಿನ ಲೆಕ್ಕದಿಂದ ಗುಣಿಸಿ ತೆಗೀತಾರೆ, ಮಾನ್ಯತೆ ಪಡೆದ ಏಜೆನ್ಸಿ ಪರಿಶೀಲಿಸುತ್ತೆ. ವಿಧಾನ ತಪ್ಪಲ್ಲ, ಸರಿಯಾಗಿ ಮಾಡಿದ್ರೆ ನಿಖರವಾಗೇ ಬರುತ್ತೆ. ತೊಂದರೆ ಏನಂದ್ರೆ ಆ ಏಜೆನ್ಸಿಗೆ ಫೀಸು ಕೊಡೋದು ಕಾರ್ಖಾನೆಯೇ. ಹಂಗಾಗಿ ವರದಿ ಪೂರ್ತಿ ಹೊರಗೆ ಬರ್ಬೇಕು, ಅದೂ ಕನ್ನಡದಲ್ಲಿ. ಕಲ್ಲಿದ್ದಲು ಎಷ್ಟು, ಕ್ಲಿಂಕರ್ ಎಷ್ಟು, ಸುಣ್ಣದಕಲ್ಲು ಎಷ್ಟು ಅಂತ ಅಂಕಿ ಕಣ್ಮುಂದೆ ಇದ್ರೆ ನಮ್ಮ ಬಾಯ್ಲರ್ ಮನೆ ಅಣ್ಣನಂಥೋರು ಒಂದೇ ನೋಟಕ್ಕೆ ಸುಳ್ಳು ಹಿಡೀತಾರೆ.

ಬಾಯ್ಲರ್ ಮನೆ
ಹಿಡೀತೀನಿ. ಅಂಕಿ ಕೊಡ್ಲಿ ಮೊದ್ಲು.

ಬಂಡೆ ಮೇಷ್ಟ್ರು
ಇದಕ್ಕೊಂದು ದಾರಿ ಈಗ್ಲೇ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಗಣಿ, ಸಿಮೆಂಟ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದೋರು ಅಧ್ಯಕ್ಷತೆ ವಹಿಸ್ತಾರೆ, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯಲ್ಲಿ ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗ್ಲೇಬೇಕು. ನಮ್ಮೋರು ಹೋಗಿ ಧೂಳು, ಕೆಲಸ, ಲಾರಿ ಓಡಾಟದ ಬಗ್ಗೆ ಕೇಳ್ತಾರೆ, ಅದು ಸರಿಯೇ. ಮುಂದಿನ ಸಲ ಇದನ್ನೂ ಸೇರಿಸಿ: ವರ್ಷಕ್ಕೆ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡು, ಇಳಿಸೋಕೆ ಏನು ಯೋಜನೆ, ಪರಿಶೀಲನಾ ವರದಿ ಗ್ರಾಮ ಪಂಚಾಯಿತಿಗೆ ಕೊಡ್ತೀರಾ?

ಕೋಟೆನಾಡು
ನಮ್ಮ ಕಡೆ ಮುಂದಿನ ಸಭೆ ಪ್ರಕಟಣೆ ಬಂದ ತಕ್ಷಣ ಇಲ್ಲೇ ಹಾಕ್ತೀನಿ. ಪ್ರಶ್ನೆ ಬರೆದು ಕೊಡಿ ಮೇಷ್ಟ್ರೇ, ನಾನೇ ನಿಂತು ಓದ್ತೀನಿ.

ಭಟ್ಟಿಮನೆ
ಎಲ್ಲರಿಗೂ ಧನ್ಯವಾದ. ಬೂದಿ ಹಿಡಿಯೋ ವ್ಯವಸ್ಥೆಗೆ ನಮ್ಮ ಸಾಲಿನೋರೆಲ್ಲ ಸೇರಿ ಕೊಟೇಶನ್ ತರಿಸ್ತಾ ಇದೀವಿ, ಒಬ್ಬೊಬ್ಬರೇ ಹಾಕ್ಸೋಕೆ ಆಗಲ್ಲ. ಸಬ್ಸಿಡಿ ಇದ್ರೆ ಯಾವ ಕಚೇರಿ ಅಂತ ಹೇಳ್ರಿ. ದುರ್ಗದ ಸಭೆಗೆ ನಾನೂ ಬರ್ತೀನಿ ಕೋಟೆನಾಡು ಅಣ್ಣ.

ಶಕ್ತಿ ಲೆಕ್ಕ
ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಕೊಟೇಶನ್ ಬಂದ ಮೇಲೆ ನನಗೆ ಕಳಿಸಿ, ಫ್ಯಾನ್ ಮೋಟಾರ್ ಸೈಜು ಜಾಸ್ತಿ ತೋರಿಸಿರ್ತಾರೆ, ನೋಡಿ ಹೇಳ್ತೀನಿ.